ಕೂರಲಾರದ ಕ್ಯಾಮೆರಾ

ಸಿಂಗಪುರದಲ್ಲಿ ಸಿನಿಮಾಕ್ಕೆ ಹೊರಟರೆ ನಾನು ಟಿಕೆಟ್ ಮರೆತೇನು, ಶಾಲು ಮರೆಯಲಾರೆ. ಹೊರಗೆ ಬೆವರಿಳಿಸುವ ಊರು ಒಳಗೆ ಕರೆದು ಹಲ್ಲು ಕಟಕಟಿಸುವಂತೆ ಮಾಡುತ್ತದೆ. ಆ ಶನಿವಾರ ಮಧ್ಯಾಹ್ನವೂ ಶಾಲು ಹೊದ್ದು ಕುಳಿತಿದ್ದೆ. ಪಕ್ಕದಲ್ಲಿ ನನ್ನ ತಂಗಿ ಸುಮಾ, ಅವಳಾಚೆ ವಿನಯ್. ಸುಮಾ ಆಫೀಸುಗಳ ಬಡಾವಣೆ ಒನ್-ನಾರ್ತ್‌ನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತ, ಬೆಡೋಕ್‌ನ ನಮ್ಮ ಮನೆಯಲ್ಲೇ ಇದ್ದಳು. ವಿನಯ್ ಜುರಾಂಗ್ ಈಸ್ಟ್‌ನಲ್ಲಿದ್ದ ಹುಬ್ಬಳ್ಳಿಯ ಹುಡುಗ. ಇಬ್ಬರ ಜಾತಕಗಳು ಊರಿನಲ್ಲಿ ಆಗಲೇ ಕೂಡಿಬಂದಿದ್ದವು. ಜಾತಕದ ಒಡೆಯರು ಕೂಡುವುದಷ್ಟೇ ಬಾಕಿಯಿತ್ತು. "ನೀನೂ ಜೊತೆಗಿರು, ಅವಳ ಬಾಯಿ ಗೊತ್ತಲ್ಲ ನಿಂಗೆ" ಎಂದು ಮೈಸೂರಿನಿಂದ ಅಮ್ಮನ ಅಪ್ಪಣೆಯಾಗಿತ್ತು.

ಹಳೆಯ ಕಾದಂಬರಿಗಳನ್ನು ತೆರೆಗೆ ತರುವುದರಲ್ಲಿ ಹೆಸರಾದ ಬ್ರಿಟಿಷ್ ನಿರ್ದೇಶಕನೊಬ್ಬನ ಚಿತ್ರಗಳನ್ನು ಆ ವಾರ ತೋರಿಸುತ್ತಿದ್ದರು. ನಾನೂ ಸುಮಾಳೂ ಅವನ ಚಿತ್ರಗಳನ್ನು ಬಿಟ್ಟವರಲ್ಲ. ಎಂದೋ ಆಗಿಹೋದ ಕಾಲದ, ಎಲ್ಲಿಯದೋ ದೇಶದ ಆ ಹೆಂಗಸರ ಗೋಳು ನಮಗೇಕೆ ಅಷ್ಟು ಹತ್ತಿರ ಎಂದು ನೀವು ಕೇಳಬಹುದು. ಗೌನು ಬಿಡಿಸಿ ಸೀರೆ ಉಡಿಸಿ, ಪಿಯಾನೋ ಸರಿಸಿ ಹಾರ್ಮೋನಿಯಂ ಇಡಿ ಮಿತ್ರರೇ, ಎಲ್ಲರೂ ನಮ್ಮವರೇ. ಹವಾಮಾನದ ಮಾತು ಮುಗಿಯುವ ಮೊದಲೇ ಹುಡುಗನ ವರಮಾನ ವಿಚಾರಿಸುವ ಅತ್ತೆಯಂದಿರು, ಕದದ ಸಂದಿಗೆ ಕಿವಿಕೊಟ್ಟ ತಂಗಿಯರು, ಬಾರದಿದ್ದರೂ ಹಾಡಲೇಬೇಕಾದ ಹುಡುಗಿ. ನಾನೂ ಅಂಥದೊಂದು ನಡುಮನೆಯಲ್ಲಿ ಕೀರ್ತನೆ ಹಾಡಿ ಮದುವೆಯಾದವಳೇ.

ಬೇರೆ ನಿರ್ದೇಶಕರು ಆ ಕಾಲವನ್ನು ದಸರಾ ಗೊಂಬೆಗಳಂತೆ ಓರಣವಾಗಿ ಕೂರಿಸುತ್ತಾರೆ. ಇವನ ಕ್ಯಾಮೆರಾಕ್ಕೆ ಕೂರಲು ಬರುವುದಿಲ್ಲ. ನರ್ತನದ ನಡುವೆ ನುಗ್ಗಿ, ಅಡುಗೆಮನೆಯ ಹೊಗೆಯಲ್ಲಿ ಹಾದು, ಮೆಟ್ಟಿಲೇರಿ, ಕಿಟಕಿಯಿಂದಾಚೆ ಹೊಲದತ್ತ ಹಾರಿಬಿಡುತ್ತದೆ. ಆ ಚಡಪಡಿಕೆ ಅಂದು ನನಗೂ ಅಂಟಿತ್ತು. ಅರ್ಧ ಕಣ್ಣು ತೆರೆಯ ಮೇಲೆ, ಅರ್ಧ ಕಣ್ಣು ಇವರಿಬ್ಬರ ಮೇಲೆ. ಇವಳು ನಕ್ಕಾಗ ಅವನು ನಕ್ಕನೇ? ಯಾಕೆ ನಗಲಿಲ್ಲ?

ಕಥೆ ಸರಳವಾಗಿತ್ತು. ಅನಾಥ ಹುಡುಗಿಯೊಬ್ಬಳಿಗೆ ಸಜ್ಜನನಾದ ಜಮೀನುದಾರನೊಬ್ಬನ ಜೊತೆ ಮದುವೆ ನಿಶ್ಚಯವಾಗಿದೆ. ಅಷ್ಟರಲ್ಲಿ ದೂರದ ಕಡಲತೀರದ ಊರಿನ ಶಾಲೆಯೊಂದು ಅವಳನ್ನು ಕೆಲಸಕ್ಕೆ ಕರೆಯುತ್ತದೆ. ಕೊನೆಗೆ ರೈಲಿನ ಮೆಟ್ಟಿಲ ಮೇಲೆ ಕಾಲಿಟ್ಟವಳು ಹಿಂದಿರುಗಿ ಓಡಿಬಂದು ಅವನ ತೋಳು ಸೇರುತ್ತಾಳೆ. ಅಷ್ಟು ಹೊತ್ತು ಒಂದೆಡೆ ನಿಲ್ಲದ ಕ್ಯಾಮೆರಾ ಆಗ ಅವಳ ಮುಖದ ಮೇಲೆ ನಿಂತುಬಿಟ್ಟಿತು.

ಆಮೇಲೆ ಹತ್ತಿರದ, ಸಾಲುಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರ್‌ನಲ್ಲಿ ಚಹಾ ಹಿಡಿದು ಕುಳಿತೆವು. "ಎಂಡಿಂಗ್ ತುಂಬಾ ಇಷ್ಟ ಆಯ್ತು," ಎಂದ ವಿನಯ್.

"ಪುಸ್ತಕದಲ್ಲಿ ಅವಳು ವಾಪಸ್ ಬರಲ್ಲ. ರೈಲು ಹತ್ತಿ ಹೋಗ್ತಾಳೆ," ಎಂದಳು ಸುಮಾ.

"ಹೌದಾ? ಹಾಗಾದ್ರೆ ಡೈರೆಕ್ಟರ್ ಒಳ್ಳೇದೇ ಮಾಡ್ದ ಬಿಡಿ."

"ಅವಳ ಮುಖ ನೋಡಿದ್ರಾ ನೀವು? ಅಷ್ಟು ಹೊತ್ತು ತೋರಿಸಿದ. ಒಂದು ಸಲಾನೂ ನಗಲಿಲ್ಲ ಅವಳು."

ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವಳು ಕಾಲು ಎಳೆದುಕೊಂಡು, ಚಹಾ ಪಕ್ಕಕ್ಕಿಟ್ಟು, "ಸಾರಿ ವಿನಯ್. ನಾನು ಟೋಕಿಯೋ ಆಫೀಸಿಗೆ ಶಿಫ್ಟ್ ಆಗ್ತಾ ಇದೀನಿ. ಒಪ್ಕೊಂಡಾಯ್ತು. ಅಕ್ಕಂಗೂ ಹೇಳಿಲ್ಲ," ಎಂದುಬಿಟ್ಟಳು. "ಇವತ್ತು ಬರಲ್ಲ ಅಂದಿದ್ರೆ ಮನೇಲಿ ಎಲ್ಲರೂ ಕಾರಣ ಕೇಳ್ತಿದ್ರು. ನಿಮಗೆ ಎದುರಿಗೇ ಹೇಳಬೇಕು ಅನ್ನಿಸ್ತು."

ಒಂದೇ ಮನೆಯಲ್ಲಿ ಉಂಡು ಮಲಗುವ ತಂಗಿಯ ಮನಸ್ಸು ಯಾವ ಕಿಟಕಿಯಿಂದಾಚೆ ಹಾರಿತ್ತೋ, ನಾನು ಕಾಣಲಿಲ್ಲವಲ್ಲ! ಕೋಪ ಬಂತು, ಅದರ ಬೆನ್ನಿಗೇ ಹೊಟ್ಟೆಕಿಚ್ಚಿನಂಥದೇನೋ ಬಂತು.

ವಿನಯ್ ಉಳಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದ. ಅಲ್ಲಿಯವರೆಗೆ ನಮ್ಮೊಡನೆ ಬೆಂಗಳೂರಿನ ಕನ್ನಡ ಆಡುತ್ತಿದ್ದವನ ಬಾಯಿಗೆ ಆಗ ಹುಬ್ಬಳ್ಳಿ ಬಂತು. "ಹೋಗ್ರಿ ನೀವು. ಅವ್ವಗ ನಾ ಹೇಳ್ತೀನಿ, ನನಗ ಬ್ಯಾಡ ಅನಿಸ್ತು ಅಂತ. ನಿಮ್ಮ ಮ್ಯಾಲೆ ಮಾತು ಬರೂದು ಬ್ಯಾಡ."

ಸುಮಾ ತಲೆ ತಗ್ಗಿಸಿದಳು. ಅವಳು ಅಳುವುದನ್ನು ನೋಡಿ ಎಷ್ಟೋ ಕಾಲವಾಗಿತ್ತು. ಅವನು ಎದ್ದು, ನನಗೆ ಕೈಮುಗಿದು, ತಿರುಗಿ ನೋಡದೆ ಸ್ಟೇಷನ್ನಿನತ್ತ ನಡೆದ.

ಬೆಡೋಕ್‌ಗೆ ಹೊರಟ ರೈಲಿನಲ್ಲಿರುವಾಗಲೇ ಅಮ್ಮನ ಫೋನು. ವಿನಯ್ ಹೇಳಿಕೊಟ್ಟ ಮಾತು ನಾಲಗೆಯ ತುದಿಯಲ್ಲಿತ್ತು, ಎಲ್ಲರಿಗೂ ಸಲೀಸು. ಆದರೆ ಮಾಡದ ತಪ್ಪಿಗೆ ನಮ್ಮ ನೆಂಟರಿಷ್ಟರು ಅವನ ಹೆಸರನ್ನು ಬಾಯಲ್ಲಿ ಹಾಕಿಕೊಂಡು ಅಗಿಯುವುದನ್ನು ನೆನೆದೆ. ಸುಮಾಳ ಮುಖ ನೋಡಿದೆ. ಅವಳು ಹೂಂ ಎಂಬಂತೆ ತಲೆಯಾಡಿಸಿದಳು. ಟೋಕಿಯೋದಿಂದ ಹಿಡಿದು ಅವನು ಕೈಮುಗಿದದ್ದರವರೆಗೆ ಎಲ್ಲವನ್ನೂ ಹೇಳಿದೆ.

ರೈಲು ಸುರಂಗದಿಂದ ಬಿಸಿಲಿಗೆ ಬಂತು.

"ಅಂಥಾ ಹುಡುಗನ್ನ ಬಿಡ್ತಾಳಾ ಅವಳು?" ಎಂದಳು ಅಮ್ಮ.

"ಬಿಡ್ತಾಳಮ್ಮ," ಎಂದೆ. ಎದುರಿನ ಸೀಟಿನಲ್ಲಿ ತಂಗಿ ಕಣ್ಣೊರೆಸಿಕೊಳ್ಳುತ್ತಿದ್ದಳು, ನಗುತ್ತಲೂ ಇದ್ದಳು.