ಹೋಟೆಲಿನ ಗೋಡಂಬಿ

ಗದಗಿನಲ್ಲಿ ನೆಂಟರ ಮದುವೆ. ಕಲ್ಯಾಣ ಮಂಟಪದ ಜಮಖಾನೆಯ ಮೇಲೆ ಮಲಗಿದರೆ ನನ್ನ ಅತ್ತೆಗೆ ಮೊಣಕಾಲು ಹಿಡಿಯುತ್ತದೆಂದು ಹೊಸ ಹೋಟೆಲೊಂದರಲ್ಲಿ ರೂಮು ಹಿಡಿದೆ. ತಮ್ಮೂರು ಕೊರ್ಲಹಳ್ಳಿ ಬಿಟ್ಟು ಬಂದು ಅವರು ಎಂದೂ ಹೋಟೆಲಿನಲ್ಲಿ ಉಳಿದದ್ದೇ ಇಲ್ಲ. ಖರ್ಚೆಂದರೆ ಅಂಜುವವರು. ಅದಕ್ಕೇ, "ಒಂದು ರೂಪಾಯಿ ಹೆಚ್ಚಿಗಿ ಬೀಳಂಗಿಲ್ರಿ ಅತ್ತಿ, ಎಲ್ಲಾ ಬಾಡಗ್ಯಾಗ ಬಂತು" ಎಂದು ಮಾತು ಕೊಟ್ಟಿದ್ದೆ. ಹೋಟೆಲಿನ ದರಪಟ್ಟಿಯ ಸಣ್ಣ ಅಕ್ಷರ ಓದುವ ತಾಳ್ಮೆ ನನಗೆಲ್ಲಿಯದು.

ಮೇಜಿನ ಮೇಲೊಂದು ಬುಟ್ಟಿ. ಗೋಡಂಬಿ, ಚಾಕಲೇಟು, ಬಿಸ್ಕತ್ತು. "ಬಂದವರಿಗೆ ಎಷ್ಟ್ ಛಲೋ ಮರ್ಯಾದಿ ಮಾಡ್ಯಾರ ನೋಡು" ಎಂದು ಅತ್ತೆ ಹಿಗ್ಗಿದರು. ನಾನೂ ಹೌದೆಂದೆ.

ಸಂಜೆ ಮದುವೆಗೆ ಬಂದಿದ್ದ ಶಿರಹಟ್ಟಿ ಕಡೆಯ ಏಳು ಮಂದಿ ಹೆಂಗಸರು ರೂಮು ನೋಡಲು ಬಂದರು. ಬಂದವರನ್ನು ಬರಿಬಾಯಲ್ಲಿ ಕಳಿಸುವುದುಂಟೇ? ಅತ್ತೆ ಎಲ್ಲರನ್ನೂ ಮಂಚದ ಮೇಲೆ ಕೂಡ್ರಿಸಿ ಅಂಗೈತುಂಬ ಗೋಡಂಬಿ ಸುರಿದರು. ಬುಟ್ಟಿ ಖಾಲಿಯಾಯಿತು. ನನ್ನಿಂದ ಫೋನು ಮಾಡಿಸಿದರು, ಇನ್ನೊಂದು ಬುಟ್ಟಿ ಬಂತು. ಒಬ್ಬಾಕೆ ಬಿಸಿನೀರಿನ ನಲ್ಲಿ ನಂಬದೆ ಮೂರು ಸಲ ಮುಖ ತೊಳೆದಳು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಎಲ್ಲರಿಗಿಂತ ಹೆಚ್ಚು ಗೋಡಂಬಿ ತಿಂದವಳು ನಾನೇ.

ಮರುದಿನ ರೂಮು ಬಿಡುವಾಗ ಕೌಂಟರಿನವರು ಬಿಲ್ಲು ಓದತೊಡಗಿದರು. ಬಾಡಿಗೆಯ ಕೆಳಗೆ ಗೋಡಂಬಿ, ಚಾಕಲೇಟು, ಮತ್ತೆ ಗೋಡಂಬಿ. ಕೊಟ್ಟ ಮಾತು ಹೋಯಿತು, ಇನ್ನು ಈ ಜನ್ಮದಲ್ಲಿ ಅತ್ತೆ ನನ್ನನ್ನು ನಂಬಿ ಹೊಸ್ತಿಲು ದಾಟುವುದಿಲ್ಲ ಎಂದುಕೊಂಡೆ. ಮೆಲ್ಲಗೆ ಓದಿರೆಂದು ಸನ್ನೆ ಮಾಡಿದೆ. ಅಷ್ಟರಲ್ಲಿ ಅತ್ತೆಗೆ ಕೇಳಿಯಾಗಿತ್ತು.

"ಅಂದ್ರ ಅದು ಇವರು ಕೊಟ್ಟಿದ್ದಲ್ಲೇನು?"

"ಅಲ್ರಿ ಅತ್ತಿ. ನಂದ ತಪ್ಪಾತು."

ಅತ್ತೆ ಸೊಂಟದ ಚೀಲ ಬಿಚ್ಚಿ, ಎಮ್ಮೆಯ ಹಾಲು ಮಾರಿ ಕೂಡಿಸಿದ್ದ ನೋಟುಗಳನ್ನು ಹೊರಗೆಳೆದರು. ನಾನು ಬೇಡಬೇಡವೆಂದು ಕೈ ಹಿಡಿದೆ.

"ಕೈ ಬಿಡು. ಮನ್ಯಾಗ ನಲವತ್ತು ವರ್ಷ ಬಂದವರಿಗೆಲ್ಲಾ ನೀಡೇನಿ. ಉಂಡವರು ನಿಮ್ಮ ಮಾವನ್ನ ಹೊಗಳಿಕೋತ ಹೋದರು. ಈ ರೊಕ್ಕ ನಾ ಕೊಟ್ರ ನಿನ್ನಿ ಉಪಚಾರ ನಂದ ಆಗತೈತಿ."

ಅವರ ಮುಖ ನೋಡಿ ನನಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ಗೋಡಂಬಿಯ ಬಿಲ್ಲನ್ನು ಬೇರೆ ಮಾಡಿ ತಮ್ಮ ಹೆಸರಿಗೇ ಬರೆಯಬೇಕೆಂದು ಅತ್ತೆ ಹಟ ಹಿಡಿದರು. ಕೌಂಟರಿನವರು ಹೆಸರು ಬರೆದು, "ಯಜಮಾನರ ಹೆಸರ್ರಿ?" ಎಂದರು.

"ಅವರೇನು ತಿಂದಾರ, ತಮ್ಮಾ? ನಂದೊಂದ ಸಾಕು."