ಪಿಜಿ ಅನ್ನ ತಿಂದ ಕುರಿಗಳು

ಜಿಗಣಿಯ ಭಾಗ್ಯಮ್ಮನ ಲೆಕ್ಕದಲ್ಲಿ ಈ ಭೂಮಿಯ ಮೇಲೆ ನೆಟ್ಟಗೆ ಕೆಲಸ ಮಾಡುವವರು ಒಬ್ಬರೇ ಇದ್ದರು, ಅದು ಭಾಗ್ಯಮ್ಮ. ಗಂಡ ಗೋಪಾಲಪ್ಪ ಕೂತಲ್ಲೇ ಬೇರು ಬಿಡುವ ಸೋಮಾರಿ. ಮಗ ವಸಂತ ದಿನವಿಡೀ ಫೋನು ತಿಕ್ಕುವವನು. ಅವರ ಮೂರಂತಸ್ತಿನ ಪಿಜಿಯಲ್ಲಿದ್ದ ಅರವತ್ತು ಫ್ಯಾಕ್ಟರಿ ಹುಡುಗರೋ, ತಿಂದ ತಟ್ಟೆ ತೊಳೆಯಲೂ ಬಾರದ ದಂಡಪಿಂಡಗಳು. ಅವರನ್ನು ಹೆಸರು ಹಿಡಿದು ಕರೆಯುವುದು ಬಾಯಿಗೆ ದಂಡವೆಂದು ರೂಮಿನ ನಂಬರಿನಿಂದಲೇ ಕೂಗುತ್ತಿದ್ದಳು. "ಏಯ್ ಇನ್ನೂರ ಮೂರು, ಬಕೆಟ್ ಎತ್ತೋ!" ಇನ್ನು ಪಿಜಿಯ ಕಸ ಗುಡಿಸುವ ಮಲಕವ್ವ. ಕುಷ್ಟಗಿ ಕಡೆಯವಳು, ಗಂಡ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲು ಪಾಲಿಶ್ ಮಾಡುವವನು. ಅವಳಿಗೆ ನಂಬರೂ ಇರಲಿಲ್ಲ. ಎರಡು ವರ್ಷದಿಂದ ಅವಳು ಬರೀ "ಏಯ್ ಇವಳೇ."

ಇಂಥ ಭಾಗ್ಯಮ್ಮ ಐವತ್ತೆರಡನೇ ವಯಸ್ಸಿನಲ್ಲಿ ಕುರಿ ಸಾಕಲು ಹೊರಟಳು. ಆಸೆಗಲ್ಲ, ಹಟಕ್ಕೆ. ಹೊಲವೆಲ್ಲ ಫ್ಯಾಕ್ಟರಿಗಳ ಪಾಲಾಗಿ, ಎರಡು ಕಾಂಪೌಂಡುಗಳ ನಡುವೆ ಒಂದೇ ಒಂದು ಎಕರೆ ಉಳಿದಿತ್ತು. ಮದುವೆಯಾಗಿ ಬಂದ ವರ್ಷ ಅತ್ತೆಯ ಜೊತೆ ಬಗ್ಗಿ ರಾಗಿ ಕುಯ್ದಿದ್ದು ಅದೇ ಎಕರೆಯಲ್ಲಿ. ವಸಂತ ಅದನ್ನು ಗೋಡೌನಿಗೆ ಕೊಟ್ಟುಬಿಡೋಣ ಅಂದ. ಖಾಲಿ ಬಿದ್ದಿರೋ ಜಾಗ ಇಟ್ಕೊಂಡು ಏನ್ ಮಾಡ್ತೀಯಮ್ಮ, ಅಂತ ಹಲ್ಲು ಬೇರೆ ಕಿರಿದ.

"ಖಾಲಿ ಯಾಕ್ಲಾ ಬಿಡ್ತೀನಿ? ಕುರಿ ಸಾಕ್ತೀನಿ," ಅಂದಳು ಭಾಗ್ಯಮ್ಮ.

"ನಿಂಗೆ ಕುರಿ ಬರುತ್ತಾ?"

"ಹತ್ತು ಅಸ ಕಟ್ಟಿ ಆಲು ಕರ್ದೋಳು ನಾನು. ಕುರಿಯೇನು ಮಹಾ? ಅದುಕ್ಕೆ ಬಾಯಿ ಒಂದು, ಬಾಲ ಒಂದು."

ತಾಯಿ ಮಗನ ಜಗಳದಲ್ಲಿ ಗೋಪಾಲಪ್ಪ ಜೀವಮಾನದಲ್ಲಿ ಮೊದಲ ಸಲ ಒಂದು ತೀರ್ಮಾನ ಹೇಳಿದ. "ಸಂಕ್ರಾಂತಿ ದಿನ ನಾನೇ ನಿಂತು ಎಣಿಸ್ತೀನಿ. ಮರಿನೂ ಸೇರಿ ತಂದಷ್ಟು ಕುರಿ ಆ ಬೇಲಿಯೊಳ್ಗೆ ಇದ್ರೆ ಜಮೀನು ನಿಂದು. ಒಂದು ಕಮ್ಮಿಯಾದ್ರೂ ಗೋಡೌನು. ಆಮೇಲೆ ಬಾಯಿ ಮಾಡಂಗಿಲ್ಲ."

ಗಣೇಶನ ಹಬ್ಬ ಮುಗಿದ ವಾರ ಹನ್ನೆರಡು ಕುರಿ ಬಂದವು, ಎಲ್ಲವೂ ಗಬ್ಬದವು. ಭಾಗ್ಯಮ್ಮ ಮೊದಲು ಮಾಡಿದ ಕೆಲಸ, ಪಿಜಿ ಬಾಗಿಲಿಗೆ ಬಳಿದು ಮಿಕ್ಕಿದ್ದ ನೀಲಿ ಪೇಂಟಿನಲ್ಲಿ ಅವುಗಳ ಪಕ್ಕೆಗೆ ನಂಬರು ಬರೆದದ್ದು. ನೂರ ಒಂದು, ನೂರ ಎರಡು. ಇನ್ನೂರ ಒಂದರಿಂದ ಎರಡನೇ ಮಹಡಿ ಶುರು! ಕುರಿಗೆ ಮಹಡಿ ಕಟ್ಟಿದ ಪುಣ್ಯಾತ್ಗಿತ್ತಿ ಜಿಗಣಿಯಲ್ಲಿ ಇವಳೊಬ್ಬಳೇ ಇರಬೇಕು.

ಎರಡನೇ ಕೆಲಸ, ಊಟ. ಹಸು ಕಟ್ಟಿದವರ ಮನೆಯಲ್ಲಿ ಕಲಗಚ್ಚು ಅಂದರೆ ದೇವರು. ಅಕ್ಕಿ ತೊಳೆದ ನೀರು, ಮಿಕ್ಕ ಅನ್ನ, ತರಕಾರಿ ಸಿಪ್ಪೆ, ಒಂದು ಹಿಡಿ ಬೂಸಾ ಸೇರಿಸಿ ಇಟ್ಟರೆ ಹಸು ಕುಡಿದು ಹಾಲು ಕೊಡುತ್ತದೆ. ಇಲ್ಲಿ ಪಿಜಿಯಲ್ಲಿ ದಿನಾ ಬಕೆಟ್ಟುಗಟ್ಟಲೆ ಅನ್ನ ಮಿಗುತ್ತಿತ್ತು. ಅದನ್ನು ಚರಂಡಿಗೆ ಸುರಿಯುವಾಗೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದ ಭಾಗ್ಯಮ್ಮನಿಗೆ ಈಗ ಹಾದಿ ಸಿಕ್ಕಿತು. ದಿನಕ್ಕಿಷ್ಟು ಅಂತ ಕುರಿಗಳ ಮುಂದೆ ಅನ್ನದ ಕಲಗಚ್ಚು ಇಡತೊಡಗಿದಳು.

ಪೊರಕೆ ಹಿಡಿದು ಆ ಕಡೆ ಬಂದಿದ್ದ ಮಲಕವ್ವ ಅದನ್ನು ನೋಡಿ ನಿಂತುಬಿಟ್ಟಳು.

"ಅಮ್ಮಾರ, ಕುರಿಗೆ ಅನ್ನಾ ಹಾಕಬ್ಯಾಡ್ರಿ. ಆಕಳ ಹೊಟ್ಟಿ ಬ್ಯಾರೆ, ಕುರಿ ಹೊಟ್ಟಿ ಬ್ಯಾರೆ. ಸಾಯ್ತಾವು."

"ಅಜ್ಜಿಗೇ ಕೆಮ್ಮು ಕಲಿಸಕ್ಕೆ ಬಂದ್ಲು! ಎರಡನೇ ಮಹಡಿ ಮೆಟ್ಲು ಗುಡ್ಸಿದ್ಯಾ? ಓಗು."

ಮಲಕವ್ವ ಹೋದಳು. ಹೋಗುವ ಮುನ್ನ ಭಾಗ್ಯಮ್ಮನನ್ನು ನೋಡಿದ ನೋಟವಿದೆಯಲ್ಲ, ಆ ತಾತ್ಸಾರವನ್ನು ಭಾಗ್ಯಮ್ಮ ಕಂಡಿದ್ದರೆ ಅವತ್ತೇ ಕೆಲಸದಿಂದ ಬಿಡಿಸುತ್ತಿದ್ದಳು. ಆದರೆ ಗುಡಿಸುವವಳ ಮುಖವನ್ನು ಅವಳು ಯಾವತ್ತು ನೋಡಿದ್ದಳು?

ಆಯುಧಪೂಜೆ ಬಂತು. ಫ್ಯಾಕ್ಟರಿಗಳಿಗೆಲ್ಲ ರಜೆ. ಮಿಷನ್ನಿಗೆ ಕುಂಕುಮ ಹಚ್ಚಿ, ಪುರಿ ಪ್ಯಾಕೆಟ್ ಹಿಡಿದು ಹುಡುಗರೆಲ್ಲ ಊರಿನ ಬಸ್ಸು ಹತ್ತಿದರು. ಅಡುಗೆಯವನು ಅದನ್ನು ಮರೆತು ಅರವತ್ತು ಜನರ ಅನ್ನ ಬೇಯಿಸಿಟ್ಟಿದ್ದ. ಭಾಗ್ಯಮ್ಮ ಅವನಿಗೆ ಮಂಗಳಾರತಿ ಎತ್ತಿ, ಕೊಪ್ಪರಿಗೆ ಅನ್ನವನ್ನು ಅಷ್ಟೂ ಕುರಿಗಳ ಮುಂದೆ ಸುರಿದಳು. "ತಿನ್ರೇ, ನಿಮ್ಗೂ ಹಬ್ಬ," ಅಂದಳು. ತಿಂದವು. ಪಾಪದವು, ಬಿಳಿ ರಾಶಿಯೊಳಗೆ ಮೂತಿ ಮುಳುಗಿಸಿ ತಿಂದವು.

ಬೆಳಿಗ್ಗೆ ಹೋಗಿ ನೋಡಿದರೆ ನಾಲ್ಕು ಕುರಿ ಹೊಟ್ಟೆ ಊದಿ, ಕಾಲು ಸೆಟೆದು ಸತ್ತು ಬಿದ್ದಿದ್ದವು. ಉಳಿದ ಎಂಟು ಕುಡಿದವರಂತೆ ತೂರಾಡುತ್ತ ಕಟಕಟ ಹಲ್ಲು ಕಡಿಯುತ್ತಿದ್ದವು. ಹುಳಿ ನಾತಕ್ಕೆ ಭಾಗ್ಯಮ್ಮ ಸೆರಗು ಮೂಗಿಗೆ ಹಿಡಿದಳು. ಪಶುವೈದ್ಯರ ಫೋನು ಎತ್ತುವವರಿಲ್ಲ. ಎಕರೆ ಹೋಯಿತು ಅನ್ನಿಸಿತು. ಅತ್ತೆಯ ಎಕರೆ.

ಅವಳು ಪಿಜಿ ಕಡೆಗೆ ಓಡಿದಳು. ಮಲಕವ್ವ ಗೇಟಿನ ಹತ್ತಿರ ಬಾಳೆಕಂದು, ಒಡೆದ ಬೂದುಗುಂಬಳ ಗುಡಿಸುತ್ತಿದ್ದಳು.

"ಏಯ್ ಇವಳೇ, ಬಾ ಬೇಗ! ಕುರಿ!"

ಮಲಕವ್ವ ಪೊರಕೆ ನಿಲ್ಲಿಸಲಿಲ್ಲ. "ಮೆಟ್ಲು ಗುಡಿಸೂದು ಬಾಕಿ ಐತ್ರಿ."

"ಬಿಡೇ ಮಾರಾಯ್ತಿ ಮೆಟ್ಲು! ಏನ್ ಬೇಕಾದ್ರೂ ಕೊಡ್ತೀನಿ, ಬಾ."

ಆಗ ಮಲಕವ್ವ ಸೊಂಟ ನೇರ ಮಾಡಿ ನಿಂತಳು. "ರೊಕ್ಕಾ ಬ್ಯಾಡ. ಮುನ್ನೂರು ಕುರಿ ಹಿಂದ ಬೆಳೆದಾಕಿ ನಾನು. ಇಲ್ಲೆ ಎಲ್ಲಾರಿಗೂ ನಾ ಕಸಾ ಹೊಡಿಯಾಕಿ ಅಂತ ಗೊತ್ತೈತಿ. ನಿಮ್ಮ ಕುರಿ ಬದುಕಿಸ್ತೀನಿ, ಸಾಕೂದೂ ಕಲಿಸ್ತೀನಿ. ಯಾರು ಕಲಿಸಿದ್ರು ಅಂತ ಯಾರರ ಕೇಳಿದ್ರ ನನ್ನ ಹೆಸರು ಹೇಳ್ರಿ. ಅಷ್ಟ."

"ಏಳ್ತೀನಿ, ಏಳ್ತೀನಿ, ನಡಿ!"

ಮಲಕವ್ವ ಅಡುಗೆ ಸೋಡಾ ತರಿಸಿ ನೀರಿಗೆ ಕದಡಿದಳು. ಒಂದೊಂದರ ಬಾಯಿಯ ಪಕ್ಕದಿಂದ, ನೆತ್ತಿಗೇರದಂತೆ ನಿಧಾನ ಕುಡಿಸಿದಳು. ಒಣ ಹುಲ್ಲು ಬಿಟ್ಟು ಬೇರೇನನ್ನೂ ಮುಟ್ಟಗೊಡಲಿಲ್ಲ. ಮಲಗಿದವನ್ನು ಎಬ್ಬಿಸಿ ನಡೆಸಿದಳು. ಎಂಟೂ ಉಳಿದವು. ಮನೆಯಲ್ಲಿ ಭಾಗ್ಯಮ್ಮ ಹೇಳಿದ್ದೇ ಬೇರೆ. "ಮಾರಿದೋನು ಮೋಸ ಮಾಡ್ದ, ಕಾಯಿಲೆ ಕುರಿ ಕೊಟ್ಟವ್ನೆ," ಅಂದಳು. ಮಾಡಿದ್ದು ತಾನು, ಬೈಗುಳ ಅವನಿಗೆ. ನಾಚಿಕೆಗೆಟ್ಟ ನಾಲಿಗೆ!

ಆಮೇಲೆ ಪಾಠ ಶುರುವಾಯಿತು, ಮೇಷ್ಟ್ರು ಮಲಕವ್ವ. ಇಬ್ಬನಿ ಆರುವ ತನಕ ಮೇಯಲು ಬಿಡಬಾರದು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಬೇಕು, ಕೆಂಪಗಿದ್ದರೆ ಸರಿ, ಬಿಳುಚಿಕೊಂಡಿದ್ದರೆ ಹೊಟ್ಟೆಯಲ್ಲಿ ಹುಳ. ಗೊರಸಿನ ಸಂದಿಯಲ್ಲಿ ಗ್ರಾನೈಟ್ ಚೂರು ಸಿಕ್ಕಿದೆಯೇ ಅಂತ ದಿನಾ ತಡಕಬೇಕು. "ನಂಬರ ನೋಡಬ್ಯಾಡ್ರಿ, ಮಾರಿ ನೋಡ್ರಿ," ಎಂದು ಗದರುತ್ತಿದ್ದಳು. ಮಾರಿ ಅಂದರೆ ಮುಖ ಅಂತ ತಿಳಿಯಲು ಭಾಗ್ಯಮ್ಮನಿಗೆ ಎರಡು ದಿನ ಬೇಕಾಯಿತು. ಬೈಸಿಕೊಂಡಳು, ಒಳಗೊಳಗೇ ಹಲ್ಲು ಕಡಿದಳು, ಕಲಿತಳು. ಮಳೆಗೆ ನೀಲಿ ಪೇಂಟು ಅರ್ಧ ತೊಳೆದುಹೋದರೂ ಎಂಟರ ಮುಖವೂ ಅವಳಿಗೆ ಗುರುತಾಗುತ್ತಿತ್ತು. ಸಂಕ್ರಾಂತಿಗೆ ವಾರ ಇರುವಾಗ ಐದು ಮರಿ ಓಡಾಡುತ್ತಿದ್ದವು. ಎಂಟಕ್ಕೆ ಐದು ಸೇರಿ ಹದಿಮೂರು. ಬೇಕಾದದ್ದು ಹನ್ನೆರಡು.

ಸಂಕ್ರಾಂತಿ ಬೆಳಿಗ್ಗೆ ಗೋಪಾಲಪ್ಪ ಪಂಚೆ ಎತ್ತಿ ಕಟ್ಟಿ ಬಂದ. ಹಿಂದೆಯೇ ವಸಂತ. ಅವನ ಜೊತೆ ಗೋಡೌನಿಗೆ ಜಮೀನು ಕೇಳಿದ್ದ ಶ್ರೀಧರ್, ಬಿಳಿ ಶೂ ಹಾಕಿಕೊಂಡು ಹಿಕ್ಕೆ ತುಳಿಯದಂತೆ ಹೆಜ್ಜೆ ಆರಿಸಿ ಇಡುತ್ತಿದ್ದ. ಮಲಕವ್ವ ಬೇಲಿಯ ಗೇಟಿನ ಪಕ್ಕ ನಿಂತು ಕೊನೆಯ ಮರಿಗೆ ತಾಯಿಯ ಮೊಲೆ ಹಿಡಿಸುತ್ತಿದ್ದಳು.

"ಸಕ್ಕತ್ತಾಗಿವೆ ಕಣಮ್ಮ," ಅಂದ ಶ್ರೀಧರ್. "ಯಾರ ಹತ್ರ ಕಲ್ತ್ರಿ?"

ಒಂದು ಹೆಸರು ಹೇಳಬೇಕಿತ್ತು, ನಾಲ್ಕು ಅಕ್ಷರ. ಮಗ ಎದುರಿಗೆ ನಿಂತಿದ್ದ, ಗಂಡ ನಿಂತಿದ್ದ. ಜಂಬ ಅನ್ನೋದು ಹುಟ್ಟುಗುಣ, ಸುಟ್ಟರೂ ಹೋಗುವುದಿಲ್ಲ.

"ನಂಗ್ಯಾರು ಕಲಿಸ್ಬೇಕು? ಮಣ್ಣಲ್ಲಿ ಉಟ್ಟಿ ಮಣ್ಣಲ್ಲಿ ಬೆಳ್ದೋಳು ನಾನು."

ಮಲಕವ್ವ ತಲೆ ಎತ್ತಿ ಅವಳನ್ನು ನೋಡಿದಳು. ಆ ನೋಟವನ್ನು ಈ ಸಲ ಭಾಗ್ಯಮ್ಮ ಕಂಡಳು. ಚಪ್ಪಲಿಗೆ ಅಂಟಿದ ಸಗಣಿಯನ್ನು ನೋಡುವ ನೋಟ ಅದು. ಮಲಕವ್ವ ಮರಿಯನ್ನು ಬಿಟ್ಟು, ಗೋಡೆಗೆ ಒರಗಿಸಿದ್ದ ಪೊರಕೆ ತೆಗೆದುಕೊಂಡು, ಗೇಟು ತೆರೆದು ಪಿಜಿ ಕಡೆಗೆ ನಡೆದಳು.

ಮರಿ ಅವಳ ಹಿಂದೆ ಹೋಯಿತು. ಮರಿಯ ಹಿಂದೆ ತಾಯಿ. ತಾಯಿಯ ಹಿಂದೆ ಎಲ್ಲವೂ.

"ಒಂದು, ಎರಡು... ಇದೇನೇ, ಎಲ್ಲಾ ಆಚೆ ಓಗ್ತಾವೆ!" ಅಂದ ಗೋಪಾಲಪ್ಪ.

"ಬೇಲಿಯೊಳ್ಗೆ ಇರ್ಬೇಕು ಅಂದಿದ್ರಲ್ಲಪ್ಪ?" ವಸಂತ ನಕ್ಕ.

ಭಾಗ್ಯಮ್ಮ "ಬಾ ಬಾ ಬಾ" ಅಂತ ಹಸು ಕರೆದಂತೆ ಕೂಗಿದಳು. ಬಕೆಟ್ಟು ಬಡಿದಳು. ಒಂದೂ ತಿರುಗಲಿಲ್ಲ. ಆಚೆ ರಸ್ತೆಯಲ್ಲಿ ಕಲ್ಲು ತುಂಬಿದ ಟಿಪ್ಪರ್ ಹಾರ್ನ್ ಹೊಡೆಯುತ್ತ ಬರುತ್ತಿತ್ತು.

"ಮಲಕವ್ವಾ!" ಎಂದು ಚೀರಿದಳು. "ನಿಲ್ಲೇ ತಾಯಿ! ನೀನೇ ಕಲಿಸಿದ್ದು ಕಣೇ, ನೀನೇ!"

ಮಲಕವ್ವ ನಿಂತಳು. ಕುರಿಗಳೂ ನಿಂತವು. ಆದರೆ ಅವಳು ಬರಲಿಲ್ಲ.

"ನನಗ ಹೇಳಿದ್ರ ಏನು ಬಂತ್ರಿ? ನನಗ ಗೊತ್ತೈತಿ. ಅವರಿಗೆ ಹೇಳ್ರಿ."

ಭಾಗ್ಯಮ್ಮನ ಮುಖ ಕೆಂಪೇರಿತು. ನಾಚಿಕೆಯಿಂದ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಮೂವರು ಗಂಡಸರ ಕಡೆ ತಿರುಗಿ, ಒಂದೊಂದೇ ಮಾತನ್ನು ಗಂಟಲಿಂದ ಕಿತ್ತು ಹಾಕಿದಳು.

"ಆ ಯಮ್ಮನ ಎಸ್ರು ಮಲಕವ್ವ. ಕುರಿಯೋಳು. ನಂಗೇನೂ ಬರ್ತಿರ್ಲಿಲ್ಲ, ಎಲ್ಲಾ ಅವ್ಳೇ ಕಲಿಸಿದ್ದು. ಮಾರಿದೋನು ಮೋಸ ಮಾಡ್ಲಿಲ್ಲ. ಪಿಜಿ ಅನ್ನ ತಿನ್ಸಿ ನಾಲ್ಕು ಕುರಿ ಸಾಯಿಸ್ದೋಳು ನಾನೇ."

ವಸಂತನ ನಗು ನಿಂತಿತು.

ಮಲಕವ್ವ ಗಂಟಲಲ್ಲೇ ಉರುಳಿಸಿದಂಥ ಒಂದು ಸದ್ದು ಮಾಡಿ ಹಿಂದಕ್ಕೆ ತಿರುಗಿದಳು. ಕುರಿ ಮರಿ ಎಲ್ಲ ಅವಳ ಸುತ್ತ ಹರಿದು ಬೇಲಿಯೊಳಗೆ ಬಂದವು. ಗೇಟು ಹಾಕಿ, ಪೊರಕೆಯನ್ನು ಭಾಗ್ಯಮ್ಮನ ಕೈಗೆ ಕೊಟ್ಟಳು.

"ಹ್ಞೂಂ, ಈಗ ಎಣಿಸ್ರಿ ಯಜಮಾನ್ರ," ಅಂದಳು.