ಎಳನೀರಿನ ಪರೀಕ್ಷೆ

ದಬ್ಬೇಘಟ್ಟದ ಹತ್ತಿರ ತೆಂಗಿನ ತೋಟ ಇರುವ ಗಿರಿಜಮ್ಮನವರಿಗೆ ಒಂದು ಆ್ಯಪ್ ಮಾಡಿಕೊಟ್ಟಿದ್ದೆ. ಯಾವ ಅಟ್ಟಕ್ಕೆ ಯಾವಾಗ ಕಾಯಿ ತುಂಬಿದರು ಎಂದು ನೆನಪಿಡುವುದಷ್ಟೇ ಅದರ ಕೆಲಸ. ಕೋಡ್ ಬರೆದದ್ದು ಎಐ. ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ಹಸಿರು ಗುರುತು ಹಾಕಿದ್ದೂ ಅದೇ.

ಮೊದಲ ದಿನವೇ ಅವರ ಫೋನಿಗೆ ಸಂದೇಶ ಹೋಯಿತು: ‘ತೆಂಗಿನಕಾಯಿ ಹಳತಾಗಿದೆ, ಕೂಡಲೇ ಬಿಸಾಡಿ.’ ನಮ್ಮ ಕಡೆ ಕಾಯನ್ನು ಹೆಚ್ಚುಕಮ್ಮಿ ವರ್ಷ ಅಟ್ಟದಲ್ಲಿಟ್ಟು, ಒಳಗಿನ ನೀರು ಇಂಗಿದ ಮೇಲೇ ಕೊಬ್ಬರಿ. ಅಟ್ಟದಲ್ಲಿದ್ದದ್ದು ಅವರ ಇಡೀ ವರ್ಷದ ಬೆಳೆ.

ನನ್ನನ್ನು ಕರೆಸಿ ಕೂರಿಸಿಕೊಂಡು ಕೇಳಿದರು. “ಇದ್ನ ಬರ್ದೋರು ಯಾರು ಕಣಪ್ಪ?”

“ಎಐ ಅಮ್ಮ.”

“ಸರಿ ಐತಾ ಅಂತ ನೋಡ್ದೋರು?”

“ಅದೂ ಎಐ.”

“ಮತ್ತೆ ನೀನು?”

ನಾನು ಲ್ಯಾಪ್‌ಟಾಪ್ ತೆರೆದು ಎಐಗೆ ಅದರ ತಪ್ಪು ತಿಳಿಸಿದೆ. ‘ಕ್ಷಮಿಸಿ, ನೀವು ಹೇಳಿದ್ದೇ ಸರಿ’ ಎಂದು ತಿದ್ದಿಕೊಂಡಿತು. ಅಷ್ಟು ಬೇಗ ಒಪ್ಪಿದ್ದಕ್ಕೇ ಗಿರಿಜಮ್ಮನವರಿಗೆ ಅನುಮಾನ ಬಂತು.

“ಎಳನೀರ್ನೂ ವರ್ಷ ಅಟ್ಟದಲ್ಲಿಡ್ಬೇಕು ಅಂತ ಹೇಳು, ನೋಡನ.”

ಹೇಳಿದೆ. ‘ಒಳ್ಳೆಯ ಸಲಹೆ’ ಎಂದು ಎಳನೀರಿಗೂ ಒಂದು ವರ್ಷ ಸೇರಿಸಿ, ಪರೀಕ್ಷಿಸಿ, ಮತ್ತೆ ಹಸಿರು ಗುರುತು ಹಾಕಿತು.

“ನಮ್ಮ ಬೀಗರ ಮನೇಲೂ ನನ್ ಮಾತ್ಗೆ ಇಷ್ಟು ಬೆಲೆ ಇಲ್ಲ ಬುಡು,” ಅಂದರು ಅವರು.

ಆ್ಯಪ್‌ನಿಂದ ಎಳನೀರನ್ನು ತೆಗೆಸಿ ಎದ್ದು ಬಂದೆ. ಆಮೇಲಿಂದ ಯಾವ ಎಐ ಕೋಡ್ ಬರೆದುಕೊಟ್ಟರೂ, ಬೇಕೆಂದೇ ಒಂದು ಸುಳ್ಳು ಹೇಳಿ ನೋಡುತ್ತೇನೆ. ಎಳನೀರು ಕೊಡುವುದು ಅಂತ ಅದಕ್ಕೆ ಹೆಸರಿಟ್ಟುಕೊಂಡಿದ್ದೇನೆ. ಬೇಡ ಅಂದ ಎಐ ಇನ್ನೂ ಒಂದೂ ಸಿಕ್ಕಿಲ್ಲ.